ತಲೆ ಕಳಚಿದ ಸುತ್ತಿಗೆ

ದೊಡ್ಡ ಸುತ್ತಿಗೆಯ ತಲೆ ಹಿಡಿಯಿಂದ ಕಳಚಿ ಹಾರಿ, ಇಕ್ಕಳ ಹಿಡಿದು ಬಗ್ಗಿದ್ದ ಕಮ್ಮಾರನ ಹಣೆಗೆ ಬಡಿಯಿತು. ಕಾದ ಕಬ್ಬಿಣ ನೆಲಕ್ಕೆ ಬಿತ್ತು, ಅದರ ಮೇಲೆ ಅವನು. ಎದುರಿಗೆ ನಿಂತ ಮಗನ ಕೈಯಲ್ಲಿ ಬರೀ ಮರದ ಹಿಡಿ ಉಳಿದಿತ್ತು.

ಕಮ್ಮಾರನ ಹೆಂಡತಿ ಓಡಿ ಬಂದಳು. ಗಂಡನ ಉಸಿರು ಆಗಲೇ ನಿಂತಿತ್ತು. ಅವಳು ಸೀದಾ ಮಗನ ಹತ್ತಿರ ಹೋದಳು.

“ಅಮ್ಮಾ, ನಾನು ಬೇಕಂತ ಹೊಡೀಲಿಲ್ಲ!”

“ಗೊತ್ತು ಕಣೋ. ನಿಂದೇನೂ ತಪ್ಪಿಲ್ಲ.”

ಬೀದಿಗೆ ಬೀದಿಯೇ ಬಾಗಿಲಲ್ಲಿ ನೆರೆಯಿತು. ಬೀದಿಗೆ ನೆನಪು ಜಾಸ್ತಿ, ಕನಿಕರ ಕಡಿಮೆ. ಸತ್ತವನ ಅಪ್ಪನೂ ಕಬ್ಬಿಣ ಬಡಿಯುವ ಇದೇ ಅಡಿಗಲ್ಲಿನ ಮುಂದೆ ಹೀಗೇ ಸತ್ತಿದ್ದ. ಅಂದು ಸುತ್ತಿಗೆ ಬೀಸಿದವನು ಇಂದು ಸತ್ತ ಇವನೇ. ಇವನ ತಾತನದ್ದೂ ಅದೇ ಕಥೆ.

“ಅಪ್ಪನ್ನ ತಿನ್ನೋ ವಂಶ. ರಕ್ತದಲ್ಲೇ ಇದೆ,” ಎಂದ ಪಕ್ಕದ ಬಡಗಿ, ಎಲ್ಲರಿಗೂ ಕೇಳುವಂತೆ. “ಬೆಳಿಗ್ಗೆ ಇಬ್ಬರಿಗೂ ಜಗಳ ಆಯ್ತಲ್ಲ!”

ಜಗಳವಾಗಿದ್ದು ನಿಜ. ಕಮ್ಮಾರ ಹೆಂಡತಿಯ ಜುಟ್ಟು ಹಿಡಿದು ತಲೆಯನ್ನು ಗೋಡೆಗೆ ಚಚ್ಚುವಾಗ ಮಗ ಅಡ್ಡ ಬಂದಿದ್ದ. ಅವಳ ಮಣಿಕಟ್ಟು ಹಿಂದೆಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಏಟು ಅವಳಿಗೆ ರೂಢಿಯಾಗಿತ್ತು. ಒಂದೇ ಭಯ ಅವಳನ್ನು ತಿನ್ನುತ್ತಿತ್ತು: ಗಂಡನಿಗೆ ಅವನ ಅಪ್ಪನಿಂದ ಬಂದ ಆ ಕೈ ಮಗನಿಗೂ ಬಂದುಬಿಟ್ಟರೆ? ಇಂದು ಅಡ್ಡ ಬಂದ ಮಗನನ್ನು ನೋಡಿ, ಗೋಡೆಗೆ ಒರಗಿಕೊಂಡೇ ಅವಳು ಖುಷಿಪಟ್ಟಿದ್ದಳು.

ಹೆಣ ಸಾಗಿಸಿ, ಜನ ಕರಗಿದ ಮೇಲೆ ಸೊಸೆ ಕಂಕುಳಲ್ಲಿ ಗಂಡುಕೂಸು ಹೊತ್ತು ನೀರಿನ ತೊಟ್ಟಿಯ ಪಕ್ಕ ಕುಸಿದು ಕೂತಳು. ಸಂಜೆ ಸುತ್ತಿಗೆಯನ್ನು ತೊಟ್ಟಿಯಲ್ಲಿ ನೆನೆಹಾಕುವುದು ಆ ಮನೆಯ ಸೊಸೆಯರ ಕೆಲಸ. ಮರ ನೀರು ಕುಡಿದು ಉಬ್ಬಿದರೆ ತಾನೇ ಕಬ್ಬಿಣದ ತಲೆ ಬಿಗಿಯಾಗಿ ಕೂರುವುದು?

“ದಿನಾ ನೆನೆಹಾಕಿದ್ದೆ. ಯಾವತ್ತಾದ್ರೂ ಮರೆತ್ನೋ ಏನೋ…” ಎಂದು ಅವಳು ಅತ್ತಳು.

ಮಗ ತಿರುಗಿದ. “ಹಾಗಾದ್ರೆ ಅಪ್ಪನ್ನ ಕೊಂದಿದ್ದು ನೀನು!” ಜುಟ್ಟಿಗೆ ಕೈ ಹಾಕಿದ. ತೊಟ್ಟಿಯ ಅಂಚಿಗೆ ಅವಳ ಹಣೆ ಬಡಿಯಿತು, ಮತ್ತೊಮ್ಮೆ ಬಡಿಯಿತು. ಕೂಸು ಕಿರುಚಿತು. ಅವನು ಮೂಲೆಯಲ್ಲಿ ಬಿದ್ದಿದ್ದ ಸುತ್ತಿಗೆಯ ಹಿಡಿಯನ್ನು ಒದ್ದು ಹೊರಗೆ ಹೋದ.

ತಾಯಿ ಎಲ್ಲವನ್ನೂ ನೋಡಿದಳು. ಅದೇ ಕೈ. ಅದೇ ಹಿಡಿತ. ಅವಳು ಸೊಸೆಯ ಪಕ್ಕ ಕೂತು, ಸೆರಗಿನಿಂದ ರಕ್ತ ಒರೆಸಿದಳು.

“ನೀನು ಮರೆತಿಲ್ಲ. ನೀನು ಮಲಗಿದ ಮೇಲೆ ನಾನೇ ಸುತ್ತಿಗೇನ ದಿನಾ ತೊಟ್ಟಿಯಿಂದ ಎತ್ತಿ ಒಲೆ ಪಕ್ಕ ಒಣಗಿಸ್ತಿದ್ದೆ. ನಮ್ಮತ್ತೆ ನನಗೆ ಹೇಳಿಕೊಟ್ಟಿದ್ರು, ಅವರಿಗೆ ಅವರ ಅತ್ತೆ.”

ಅತ್ತೆ ಕೂಸನ್ನು ಎತ್ತಿಕೊಂಡು, ಅದರ ಪುಟ್ಟ ಮುಷ್ಟಿಯನ್ನು ಬಿಡಿಸಿ ನೋಡಿದಳು.

“ಇವನು ಸುತ್ತಿಗೆ ಬೀಸೋವಷ್ಟು ದೊಡ್ಡವನಾಗಲಿ ಮಗಳೇ, ಅಲ್ಲೀವರೆಗೂ ತಡ್ಕೋ.”