ವಾರಕ್ಕೆ ನಾಲ್ಕು ದಿನ

ಪಿಟೀಲು ನಿಂತಾಗ, ಕುಣಿದು ನಿಂತ ಲಾಕಿಯ ಎದೆ ಕಮ್ಮಾರನ ತಿದಿಯ ಹಾಗೆ ಏಳುತ್ತ ಬೀಳುತ್ತ ಇತ್ತು. ಚರ್ಚಿನ ಹಿಂದಿನ ಹಾಲ್‌ನಲ್ಲಿ ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮುಂದಿನ ಬೆಂಚಿನ ಎಫಿ ಅಜ್ಜಿ ಮಾತ್ರ ಕೈ ಎತ್ತಲಿಲ್ಲ. ಕಣ್ಣು ಹೋಗಿ ಹನ್ನೆರಡು ವರ್ಷವಾದರೂ, ಹಲಗೆಯ ಮೇಲೆ ಕಾಲು ಬಿದ್ದ ಸದ್ದಿನಲ್ಲೇ ಇದು ಇಂಥವರ ಮನೆ ಹುಡುಗಿ, ಇದು ಇಂಥವನ ಮೊಮ್ಮಗ ಎಂದು ಹೇಳಿಬಿಡುವ ಮುದುಕಿ. ಕೇಪ್ ಬ್ರೆಟನ್ ದ್ವೀಪದ ಆ ಕಡಲಂಚಿನಲ್ಲಿ ಮನೆಗೊಂದು ಕುಣಿತದ ಹೆಜ್ಜೆ. ಮೂಗಿನ ಹಾಗೆ, ಕೆಂಚುಗೂದಲಿನ ಹಾಗೆ ಅದೂ ಅಪ್ಪನಿಂದ ಮಕ್ಕಳಿಗೆ ಇಳಿದು ಬರಬೇಕು.

"ಚೊಕ್ಕವಾಗಿ ಕುಣಿದೆ ಮಗಾ," ಅಂದಳು ಅಜ್ಜಿ. "ಯಾವ ಊರಿಂದ ಬಂದಿದೀಯ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಲಾಕಿಗೆ ಮುಖಕ್ಕೆ ಉಗಿದ ಹಾಗಾಯಿತು. ಇದೇ ಮುದುಕಿಯ ಮನೆಗೆ ಮೂರು ಚಳಿಗಾಲ ಸೌದೆ ಸೀಳಿ ಕೊಟ್ಟವನು ಅವನು.

"ನಾನು ಅಜ್ಜಿ, ಲಾಕಿ. ರೋರಿ ಮಗ."

ಅಜ್ಜಿ ಕುತ್ತಿಗೆ ಓರೆ ಮಾಡಿ, ಈಗಷ್ಟೇ ಕೇಳಿದ ಹೆಜ್ಜೆಯನ್ನು ಇನ್ನೊಮ್ಮೆ ಒಳಗೇ ಕೇಳಿಸಿಕೊಂಡಳು. "ಇದರಲ್ಲಿ ರೋರಿ ಎಲ್ಲಿದ್ದಾನೋ?" ಅಂದಳು. ಕುಹಕವಿರಲಿಲ್ಲ. ನಿಜವಾಗಿಯೂ ಹುಡುಕಿ ಸಿಗದವಳ ದನಿ ಅದು. ಅದಕ್ಕೇ ಹೆಚ್ಚು ಉರಿಯಿತು.

ರೋರಿ ಸತ್ತು ಎಂಟು ತಿಂಗಳು. ದೋಣಿ ಸಿಕ್ಕಿತು, ಅವನು ಸಿಗಲಿಲ್ಲ. ಬದುಕಿದ್ದಾಗ ಎಷ್ಟೋ ಸಲ ಬಾರೋ ಇಲ್ಲಿ, ಪಕ್ಕದಲ್ಲಿ ನಿಂತ್ಕೋ ಎಂದು ಕರೆದಿದ್ದ. ಮುದುಕರ ಕುಣಿತ ನನಗ್ಯಾಕೆ ಎಂದು ಲಾಕಿ ಬಾಗಿಲು ಬಡಿದುಕೊಂಡು ಹೋಗುತ್ತಿದ್ದ. ಹೂಳಲು ಹೆಣವೂ ಇಲ್ಲದ ಮೇಲೆ, ಅಪ್ಪನದು ಅಂತ ಭೂಮಿಯ ಮೇಲೆ ಉಳಿದಿದ್ದರೆ ಆ ಹೆಜ್ಜೆಯೊಂದೇ ಎಂದು ಹೊಳೆಯಿತು. ಅದನ್ನೂ ಕಳೆದುಕೊಳ್ಳಬಾರದೆಂದು ಪೇಟೆಯ ನೃತ್ಯಶಾಲೆಗೆ ಓಡಿದ. ಎಷ್ಟು ಸಲ ಬಂದರೆ ಬೇಗ ಬರುತ್ತದೆ ಎಂದು ಕೇಳಿದ್ದಕ್ಕೆ ಅಲ್ಲಿಯ ಟೀಚರು, ಮರೆಯದಿರಲು ವಾರಕ್ಕೊಂದು ದಿನ, ಸುಧಾರಿಸಲು ಎರಡು, ಅವಸರವಿದ್ದರೆ ನಾಲ್ಕು ಅಂದಿದ್ದಳು. ಅವನಿಗೆ ಅವಸರವಿತ್ತು. ಮೀನಿನ ಕಾರ್ಖಾನೆಯ ಕೆಲಸ ಮುಗಿದ ಕೂಡಲೇ, ಹಿಮ ಬೀಳಲಿ ಬಿಡಲಿ, ಒಂದು ಗಂಟೆ ಹೋಗುತ್ತ ಒಂದು ಗಂಟೆ ಬರುತ್ತ ಗಾಡಿ ಓಡಿಸಿದ್ದ.

"ನಾಲ್ಕು ದಿನ ಹೋದೆ ಅಜ್ಜಿ. ಆರು ತಿಂಗಳು," ಅಂದ, ಹಲ್ಲು ಕಚ್ಚಿ. "ಇನ್ನೆಷ್ಟು ಹೋಗ್ಬೇಕು ಹೇಳಿಬಿಡು. ಏಳೂ ದಿನ ಹೋಗ್ಲಾ?"

"ಒಂದು ದಿನ ಹೋಗು, ಸಾಕು. ತಾಳ ತಪ್ಪದ ಹಾಗೆ ನೋಡ್ಕೋತಾರೆ. ಉಳಿದ ದಿನ ನಿಮ್ಮನೆ ಒಲೆ ಮುಂದೆ ನಿಂತ್ಕೊಂಡು, ಟೀ ನೀರು ಕಾಯೋ ತನಕ ಕುಣಿ. ನಿಮ್ಮಪ್ಪ ಇನ್ನೆಲ್ಲಿ ಕಲಿತ ಅಂದ್ಕೊಂಡೆ?"

ಲಾಕಿ ಕೋಟು ಹೆಗಲಿಗೆ ಎಸೆದುಕೊಂಡು ಹೊರಟುಬಿಟ್ಟ. ದಾರಿಯುದ್ದಕ್ಕೂ ಅಜ್ಜಿಯನ್ನು, ಟೀಚರನ್ನು, ಕಡಲನ್ನು, ಕೊನೆಗೆ ತನ್ನನ್ನೇ ಬೈದುಕೊಂಡ. ಮನೆಗೆ ಬಂದಾಗ ಭಾನುವಾರದ ಮಧ್ಯಾಹ್ನದ ಬಿಸಿಲು ಅಡುಗೆಮನೆಯ ನೆಲದ ಮೇಲೆ ಬಿದ್ದಿತ್ತು. ಅಮ್ಮ ಫ್ಲೋರಾ ಮಹಡಿಯ ಮೇಲೆ ಮಲಗಿದ್ದಳು. ಅವನು ಕೆಟಲನ್ನು ಒಲೆಯ ಮೇಲೆ ಕುಕ್ಕಿ, ಅಲ್ಲೇ ನಿಂತ.

ಅಪ್ಪ ನಿಲ್ಲುತ್ತಿದ್ದುದೂ ಇಲ್ಲೇ. ಒಂದು ಕೈ ಕಬ್ಬಿಣದ ಒಲೆಯ ಮುಂದಿನ ಸರಳಿನ ಮೇಲೆ, ಇನ್ನೊಂದರಲ್ಲಿ ಓಟ್ಸ್ ರೊಟ್ಟಿ. ಸೊಂಟದ ಮೇಲಕ್ಕೆ ಮಿಸುಕಾಡದ ಮನುಷ್ಯ. ಕೆಳಗೆ ಕಾಲು ಮಾತ್ರ ತನ್ನಷ್ಟಕ್ಕೆ ತಾನು ಹರಟುತ್ತಿತ್ತು. ಚಿಕ್ಕಂದಿನಲ್ಲಿ ಮೇಜಿನ ಕೆಳಗೆ ಕೂತು ಲಾಕಿ ಆ ಬೂಟುಗಳನ್ನೇ ನೋಡುತ್ತಿದ್ದ. ಟಕ ಟಕ ಟಕ, ಆಮೇಲೆ ಎಡ ಹಿಮ್ಮಡಿ ಮಾತ್ರ ಎವೆಯಿಕ್ಕುವಷ್ಟು ತಡವಾಗಿ, ಬರಲೋ ಬೇಡವೋ ಎಂದು ಯೋಚಿಸಿ ಬಿದ್ದ ಹಾಗೆ.

ಲಾಕಿಯೂ ಅದೇ ಸರಳು ಹಿಡಿದ. ಮೊದಲನೆಯ ಕ್ಲಾಸಿನಲ್ಲಿ ಟೀಚರು ಅವನನ್ನು ತಡೆದು ನಿಲ್ಲಿಸಿದ್ದು ಈ ತಡವಾದ ಹಿಮ್ಮಡಿಗೇ. ನಿನ್ನ ಎಡಗಾಲು ಹಿಂದೆ ಬೀಳುತ್ತಿದೆ, ಕೆಟ್ಟ ಅಭ್ಯಾಸ, ತಿದ್ದಬೇಕು ಅಂದಿದ್ದಳು. ವಾರಕ್ಕೆ ನಾಲ್ಕು ದಿನ ಹೋಗಿ, ಬೆವರು ಸುರಿಸಿ, ಅವನು ತಿದ್ದಿಸಿಕೊಂಡಿದ್ದ. ತನ್ನ ಕಾಲಿನಲ್ಲಿ ಯಾರೂ ಕಲಿಸದೆ ಉಳಿದಿದ್ದ ಅಪ್ಪನನ್ನು ತಾನೇ ಮುಂದೆ ನಿಂತು ಹೊರಗೆ ಅಟ್ಟಿದ್ದ.

ಕುಣಿಯತೊಡಗಿದ. ಹಿಮ್ಮಡಿ ಹೊತ್ತಿಗೆ ಸರಿಯಾಗಿ ಬಿತ್ತು. ಇನ್ನೊಮ್ಮೆ. ಮತ್ತೆ ಸರಿಯಾಗಿ ಬಿತ್ತು, ಥೂ. ಎಣಿಸುವುದನ್ನು ಬಿಟ್ಟ. ಸಿಟ್ಟೂ ದಣಿಯುವವರೆಗೆ ಕುಣಿದ. ಕೆಟಲು ಗುಂಯ್‌ಗುಡತೊಡಗಿದಾಗ ಯಾವ ಸುತ್ತಿನಲ್ಲೋ, ಅವನಿಗೆ ತಿಳಿಯದೆಯೇ, ಎಡಗಾಲು ಒಂದಿಷ್ಟು ಸೋಮಾರಿಯಾಯಿತು.

"ರೋರೀ," ಮೇಲಿನಿಂದ ಅಮ್ಮನ ನಿದ್ದೆಗಣ್ಣಿನ ದನಿ ಬಂತು, "ನಂಗೂ ಒಂದು ಲೋಟ ಟೀ ನೀರಿಡು."

ಲಾಕಿ ಕುಣಿತ ನಿಲ್ಲಿಸಿದ. ಮಂಚ ಕಿರುಗುಟ್ಟಿತು. ಬರಿಗಾಲು ಮೆಟ್ಟಿಲಿಳಿಯುತ್ತ ಬಂದು, ತಿರುವಿನಲ್ಲಿ, ಗೋಡೆಯ ಮರೆಯಲ್ಲೇ ನಿಂತಿತು.

"ನಾನಮ್ಮಾ," ಅಂದ ಲಾಕಿ. "ಕೆಳಗೆ ಬಾ. ಟೀ ಆಯ್ತು."

"ಬೇಡ," ಅಂದಳು ಅಮ್ಮ, ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತ. "ಬಂದ್ರೆ ನೀನು ಕಾಣ್ತೀಯ. ನಿಲ್ಲಿಸ್ಬೇಡ, ಕುಣಿ."