ಒಂದು ನಿಮಿಷದ ನಿಲುಗಡೆ

ಎರಡು ವರ್ಷದ ಹಿಂದೆ ಬಸ್ಸಿನ ಚಾಲಕ ಯಾರಿಗೋ ಒಂದು ಮಾತು ಕೊಟ್ಟಿದ್ದ. ಆ ಮಾತಿಗಾಗಿ ಊರ ಬಸ್ಸು ದಿನವೂ ಬೆಳಿಗ್ಗೆ ಎಂಟು ಹದಿನೇಳಕ್ಕೆ, ನಿಲ್ದಾಣವೇ ಅಲ್ಲದ ಜಾಗದಲ್ಲಿ, ಸರಿಯಾಗಿ ಒಂದು ನಿಮಿಷ ನಿಲ್ಲುತ್ತಿತ್ತು. ಯಾರೂ ಹತ್ತುತ್ತಿರಲಿಲ್ಲ. ಯಾರೂ ಇಳಿಯುತ್ತಿರಲಿಲ್ಲ.

"ಮತ್ತೆ ನಿಲ್ಸಿದ್ರಾ?" ಚಾಲಕನ ಬೆನ್ನ ಹಿಂದಿನ ಸೀಟಿನಿಂದ ಅಂಗಿ ಕಾರ್ಖಾನೆಯ ಹೊಲಿಗೆಯವಳು ಕೇಳಿದಳು. ಕಣ್ಣು ಕೈಗಡಿಯಾರದ ಮೇಲಿತ್ತು.

"ಒಂದೇ ನಿಮಿಷ ಅಕ್ಕ. ಮಾತು ಕೊಟ್ಟಿದೀನಿ." ಚಾಲಕ ಎರಡು ಸಲ ಹಾರ್ನ್ ಒತ್ತಿದ. ಕನ್ನಡಿಯಲ್ಲಿ ಅವಳ ಮುಖ ನೋಡಿದ. "ಆ ಎಡಗಡೆ ಕಿಟಕಿ ಹತ್ರ ಕೂತ್ಕೋಬಾರ್ದಾ? ಒಳ್ಳೆ ಗಾಳಿ ಬರುತ್ತೆ."

"ಗಾಳಿ ತಿನ್ನೋಕೆ ಬಂದಿಲ್ಲ ನಾನು."

ಊರಿಗೆ ಆ ನಿಮಿಷ ಒಗ್ಗಿಹೋಗಿತ್ತು. ಕುಲುಕಾಟ ನಿಂತ ಕೂಡಲೇ ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದ. ಅಂಚೆಯವನು ಪತ್ರಗಳನ್ನು ಬೀದಿವಾರು ಜೋಡಿಸಿಕೊಳ್ಳುತ್ತಿದ್ದ. ಬ್ಯಾಂಕಿನ ಗುಮಾಸ್ತೆ ತುಟಿಗೆ ಬಣ್ಣ ಹಚ್ಚುತ್ತಿದ್ದಳು, ಗೆರೆ ದಾಟದಂತೆ. ಎಡಬದಿಯವರು ಕಿಟಕಿಯಾಚೆ ನೋಡಿ ಮುಗುಳ್ನಗುತ್ತಿದ್ದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕೈಯನ್ನೂ ಎತ್ತುತ್ತಿದ್ದರು. ನಿಂತವರ ಸಂದಿಯಿಂದ ಹೊಲಿಗೆಯವಳಿಗೆ ಆ ಕಡೆ ಕಾಣುತ್ತಿದ್ದದ್ದು ಉದ್ದನೆಯ ಸುಣ್ಣದ ಗೋಡೆ ಮಾತ್ರ. ಗೋಡೆ ನೋಡಿ ನಗುವ ಜನರನ್ನು ಅವಳು ಬೇರೆಲ್ಲೂ ಕಂಡಿರಲಿಲ್ಲ.

ಬಲಕ್ಕೆ ಹಳದಿ ಮನೆ. ತಾರಸಿಯಲ್ಲಿ ಬಟ್ಟೆ ಒಣಹಾಕುವ ಒಬ್ಬ ಹೆಂಗಸು. ಹಾರ್ನ್ ಕೇಳಿದೊಡನೆ ಆಕೆ ತಿರುಗಿ ನೋಡುತ್ತಿದ್ದಳು. ಹೊಲಿಗೆಯವಳಿಗೆ ಅಷ್ಟು ಸಾಕಿತ್ತು.

"ಯಾರಿಗೆ ಕೊಟ್ಟ ಮಾತು ಅದು?" ಇಳಿಯುವಾಗ ನಿರ್ವಾಹಕನನ್ನು ಹಿಡಿದು ಕೇಳಿದಳು.

"ನನಗೂ ಹೇಳಿಲ್ಲ. ಯಾರಿಗೂ ಹೇಳಲ್ಲ ಅನ್ನೋದೂ ಆ ಮಾತಲ್ಲೇ ಸೇರಿದೆಯಂತೆ."

"ತಾರಸಿ ಮೇಲಿನ ಮಾತು ತಾರಸಿ ಮೇಲೇ ಇರ್ಲಿ. ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತಾನೆ?"

ಸುಮ್ಮನೆ ಆಡಿದ ಮಾತಲ್ಲ ಅದು. ಕಾರ್ಖಾನೆಗೆ ಬೆರಳೊತ್ತುವ ಯಂತ್ರ ಬಂದು ತಿಂಗಳಾಗಿತ್ತು. ಎಂಟೂವರೆ ದಾಟಿದರೆ ಕೆಂಪು ಗೀಟು. ಹತ್ತು ಗೀಟಾದರೆ ರಾತ್ರಿ ಪಾಳಿ. ಅವಳಿಗೆ ಆಗಲೇ ಎಂಟು ಬಿದ್ದಿದ್ದವು, ಎಂಟೂ ಒಂದೊಂದೇ ನಿಮಿಷದವು. ಮನೆಯಲ್ಲಿ ಅವಳು, ಒಂಬತ್ತು ವರ್ಷದ ಮಗಳು, ಇಬ್ಬರೇ. ರಾತ್ರಿ ಆ ಕೂಸಿನ ಪಕ್ಕ ಮಲಗುವವರು ಯಾರು? ಮುಂಚಿನ ಬಸ್ಸು ಏಳಕ್ಕೆ. ಮಗಳ ಶಾಲೆಯ ವ್ಯಾನು ಬರುವುದೇ ಏಳೂಮುಕ್ಕಾಲಿಗೆ.

ಅಲ್ಲಿಯವರೆಗೆ ಮನೆಯಲ್ಲಿ ರಣರಂಗ. ಒಲೆಗೊಂದು ಕಣ್ಣು, ಗಡಿಯಾರಕ್ಕೊಂದು ಕಣ್ಣು. ಮಗಳ ಪಾಲಿಗೆ ಬರುತ್ತಿದ್ದದ್ದು ಕೈ ಮಾತ್ರ. ಹಿಂದೆ ನಿಂತು ಜಡೆ ಹೆಣೆದು, ನೀಲಿ ರಿಬ್ಬನ್ ಬಿಗಿದು, ಬೆನ್ನಿಗೆ ಚೀಲ ಏರಿಸಿ, ವ್ಯಾನಿಗೆ ನೂಕಿದರೆ ಬೆಳಗಿನ ತಾಯ್ತನ ಮುಗಿಯಿತು.

ಸಂಜೆಗೆ ಸಮವಸ್ತ್ರದ ರಗಳೆ.

"ಮೊಣಕೈಗೆ ದಿನಾ ಅದೇನು ಬಿಳಿ? ಎಲ್ಲಿ ಹೋಗಿ ಉಜ್ಜಿಕೊಂಡು ಬರ್ತೀಯ?"

"ಸೀಮೆಸುಣ್ಣ ಅಮ್ಮ."

"ಮೊದಲೇ ಮರ ಹತ್ತಿ ಹಲ್ಲು ಮುರ್ಕೊಂಡಿದೀಯ. ಇನ್ನೊಂದ್ಸಲ ಎಲ್ಲಾದ್ರೂ ಹತ್ತಿದ್ದು ಗೊತ್ತಾದ್ರೆ ನೋಡು."

ಮಗಳು ಮೊಣಕೈಯನ್ನು ಬೆನ್ನ ಹಿಂದೆ ಸರಿಸಿದಳು. "ಅಮ್ಮ, ಬಸ್ಸಲ್ಲಿ ಕಿಟಕಿ ಸೀಟು ಸಿಕ್ತಾ ಇವತ್ತು?"

"ನನ್ನ ಸೀಟು ಕಟ್ಕೊಂಡು ನಿನಗೇನು? ಕೈ ಎತ್ತು, ಅಂಗಿ ಬಿಚ್ಚು."

ಬುಧವಾರ ಒಂಬತ್ತನೆಯ ಗೀಟು ಬಿತ್ತು. ಅಂದೇ ಅವಳು ಡಿಪೋಗೆ ಅರ್ಜಿ ಬರೆದಳು. 'ಖಾಸಗಿ ಕಾರಣಕ್ಕೆ ಸಾರ್ವಜನಿಕರ ಬಸ್ಸು ನಿಲ್ಲಿಸುತ್ತಾನೆ.' ಆ ವಾಕ್ಯ ಅವಳಿಗೆ ಎಷ್ಟು ಹಿಡಿಸಿತೆಂದರೆ, ಎರಡು ಕಡೆ ಬರೆದಳು.

ಡಿಪೋದವರು ಎಂದಿಲ್ಲದ ಚುರುಕು ತೋರಿಸಿದರು. ಶನಿವಾರ ಚಾಲಕ ಕನ್ನಡಿಯಲ್ಲಿ ನೋಡುತ್ತ ಹೇಳಿದ, "ನಿಮ್ಮ ಅರ್ಜಿ ಓದಿಸಿದ್ರು ಅಕ್ಕ. ಅಕ್ಷರ ದುಂಡಗಿದೆ. ಸೋಮವಾರದಿಂದ ನನಗೆ ಬೇರೆ ರೂಟು."

"ಬಾಯಲ್ಲಿ ಹೇಳಿದಾಗ ಕೇಳಿದ್ರೆ ಬರೆಯೋ ಕೆಲಸ ಇರ್ತಿರ್ಲಿಲ್ಲ."

"ಒಂದೇ ಒಂದು ದಿನ ಎಡಗಡೆ ಕೂತಿದ್ರೆ ನಾನು ಬಾಯಿ ಬಿಡೋದೇ ಬೇಕಿರ್ಲಿಲ್ಲ."

"ಆ ಗಾಳಿ ವಿಷಯ ಸಾಕು."

ಸೋಮವಾರ ಹೊಸ ಚಾಲಕ. ಅವಳ ಸೀಟಿನಲ್ಲಿ ಯಾರೋ ತಗಡಿನ ಪೆಟ್ಟಿಗೆ ತಬ್ಬಿಕೊಂಡು ಕೂತಿದ್ದರು. ಖಾಲಿ ಇದ್ದದ್ದು ಎಡಗಡೆ, ಡ್ರಾಯಿಂಗ್ ಮೇಷ್ಟ್ರ ಪಕ್ಕ. ಎರಡು ವರ್ಷದಲ್ಲಿ ಮೊದಲ ಸಲ ಅವಳು ನಿರಾಳವಾಗಿ ಕೂತಳು. ಕೈಗಡಿಯಾರ ನೋಡಲಿಲ್ಲ.

ಸುಣ್ಣದ ಗೋಡೆ ದೂರದಲ್ಲಿ ಕಾಣುತ್ತಲೇ ಮೇಷ್ಟ್ರು ಕೈ ಸಿದ್ಧಮಾಡಿಕೊಂಡರು.

"ಗೋಡೆಗೆ ಯಾಕೆ ಸಾರ್ ಕೈ ಬೀಸ್ತೀರಿ?" ಅವಳು ನಕ್ಕಳು.

"ಗೋಡೆಗಲ್ಲಮ್ಮ. ಅದು ಶಾಲೆಯ ಹಿಂಬದಿ, ಗೇಟು ಆಚೆ ಬೀದಿಗಿರೋದ್ರಿಂದ ಇಲ್ಲಿಂದ ಗೊತ್ತಾಗಲ್ಲ. ಒಂದು ಮಗು ಹತ್ತಿ ನಿಂತಿರುತ್ತೆ. ನಾನೂ ಸುಮ್ನೆ ಬೀಸ್ತಿದ್ದೆ. ಶನಿವಾರ ಹೋಗುವಾಗ ಡ್ರೈವರ್ ಹೇಳಿದ. ಅದರ ಅಮ್ಮ ಇದೇ ಬಸ್ಸಲ್ಲಿ ಹೋಗೋದಂತೆ. ಬೆಳಿಗ್ಗೆ ಅಮ್ಮನ ಮುಖ ನೋಡೋಕೇ ಸಿಗಲ್ಲ, ಇಲ್ಲಿ ಒಂದು ನಿಮಿಷ ನಿಲ್ಸಿ ಅಂತ ಮಾತು ತಗೊಂಡಿತ್ತಂತೆ. ಅಮ್ಮಂಗೆ ಮಾತ್ರ ಹೇಳ್ಬೇಡಿ, ಗೋಡೆ ಹತ್ತಿದ್ದಕ್ಕೆ ಬೈತಾಳೆ ಅಂತಾನೂ."

ಗೋಡೆಯ ಮೇಲೆ ಎರಡು ಮೊಣಕೈ, ಒಂದು ಗಲ್ಲ, ಬೆಳಿಗ್ಗೆ ಅವಳೇ ಬಿಗಿದ ನೀಲಿ ರಿಬ್ಬನ್. ಹಾರ್ನ್‌ಗಾಗಿ ಕಾಯುತ್ತಿದ್ದ ಕಣ್ಣು ಚಾಲಕನ ಬೆನ್ನ ಹಿಂದಿನ ಸೀಟನ್ನು ಹುಡುಕುತ್ತಿತ್ತು.

ಬಸ್ಸು ನಿಲ್ಲಲಿಲ್ಲ.