ಓಟದ ದಿನದ ಒಬ್ಬಟ್ಟು

ಹೆಂಡತಿ ಬೆಂಗಳೂರಿನ ಮ್ಯಾರಥಾನ್ ಓಡಿ ಬರುವ ದಿನ ಅವಳು ಅಡುಗೆಮನೆಗೆ ಕಾಲಿಡಕೂಡದು ಎಂದು ಪ್ರಹ್ಲಾದ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದ. ಒಬ್ಬಟ್ಟಿನ ಊಟಕ್ಕೆ ಹತ್ತು ಜನರನ್ನು ಕರೆದೂ ಆಗಿತ್ತು. ಆದರೆ ಬೆಳಗ್ಗೆ ಒಂಬತ್ತಕ್ಕೆ, ಬೇಳೆ ಬಸಿದ ಮೇಲೆ, ಧೈರ್ಯ ಕೈಕೊಟ್ಟಿತು. ಅಡುಗೆಯ ವಿಷಯಕ್ಕೆ ಅವನಿಗೆ ನೆನಪಾಗುವುದು ಒಂದೇ ನಂಬರು.

"ಬೇಳೆ ಬಸಿದಾಯ್ತು. ಮುಂದೇನು?"

"ಬೆಲ್ಲ ಹಾಕಿ ಗಟ್ಟಿಯಾಗೋವರೆಗೂ ಕೈಯಾಡಿಸು." ಆ ಕಡೆ ಏದುಸಿರು ಕೇಳಿಸುತ್ತಿತ್ತು. "ಬಸಿದ ನೀರು ಎತ್ತಿಟ್ಟಿದ್ದೀಯ ತಾನೆ?"

"ಸಿಂಕಿಗೆ ಸುರಿದುಬಿಟ್ಟೆನಲ್ಲ!"

"ಅಯ್ಯೋ, ಸಾರು ಮಾಡೋದೇ ಅದರಲ್ಲಿ ಕಣೋ!"

ಹತ್ತು ನಿಮಿಷ ಬಿಟ್ಟು ಮತ್ತೆ ಫೋನ್ ಮಾಡಿದ.

"ಹೂರಣ ಪಾಯಸದ ಹಾಗಾಗಿದೆ."

"ಉರಿ ಸಣ್ಣಗಿಟ್ಟು ಇನ್ನಷ್ಟು ಕುದಿಸು. ಕಣಕ ಕಲಸಿ ಎಣ್ಣೆ ಹಾಕಿ ನೆನೆಯೋಕೆ ಇಟ್ಟಿದ್ದೀಯಾ?"

"ಕಣಕಾನಾ? ಅದನ್ನೂ ಮೊದಲೇ ಮಾಡಿಡಬೇಕಾ?"

ಆ ಕಡೆಯ ಏದುಸಿರಿನ ನಡುವೆಯೇ ಉತ್ತರ ಬಂತು.

"ಒಲೆ ಆರಿಸಿ ಸುಮ್ಮನೆ ಕೂತ್ಕೋ. ಇನ್ನು ಮೂರೇ ಕಿಲೋಮೀಟರ್ ಇದೆ, ಓಡಿ ಮುಗಿಸಿ ಬಂದು ನಾನೇ ಮಾಡ್ತೀನಿ."